ಇದಿರುಗಾಳಿಯ ಪಾಳಿ

ಜಪಾನಿನಲ್ಲಿರುವ ನಮ್ಮ ಅಕ್ಕನ ಮಗ ಒಂದು ಫೋಟೋ ಕಳಿಸಿದ್ದ. ಕಡಲ ಮೇಲೆ ತೂಗುಬಿಟ್ಟ ಸೇತುವೆ, ಕೆಳಗೆ ಹಸಿರು ನಡುಗಡ್ಡೆಗಳು, ರಸ್ತೆಯಂಚಿಗೆ ಉದ್ದಕ್ಕೂ ಎಳೆದ ನೀಲಿ ಗೆರೆ. ಒನೊಮಿಚಿಯಿಂದ ಇಮಾಬರಿಗೆ ಆರು ದ್ವೀಪ ಹಾಯ್ದು ಹೋಗುವ ಶಿಮನಾಮಿ ಕೈಡೊ ಎಂಬ ದಾರಿಯಂತೆ ಅದು. 1999ರಲ್ಲಿ ತೆರೆದದ್ದು, ಸುಮಾರು 70 ಕಿಲೋಮೀಟರ್. ನೀಲಿ ಗೆರೆ ಹಿಡಿದು ಹೊರಟರೆ ದಾರಿ ತಪ್ಪುವ ಮಾತೇ ಇಲ್ಲ. ಸೇತುವೆ ಏರುವಲ್ಲಿ ಕೂಡ ಸೈಕಲ್ಲಿನವರ ಮೊಣಕಾಲಿನ ಮೇಲೆ ಕರುಣೆಯಿಟ್ಟು ಸುತ್ತುಬಳಸಿ ಸಣ್ಣ ಏರು ಮಾಡಿಟ್ಟಿದ್ದಾರೆ. ಫೋಟೋದ ಕೆಳಗೆ ಅವ ಬರೆದಿದ್ದ: “ಮಾಮಾ, ನಿಮ್ಮ ಬಿಜಾಪುರದಾಗ ಏನೈತಿ?”

ಎರಡು ದಿನ ಉತ್ತರ ಕೊಡಲಿಲ್ಲ. ಆದರೆ ಆ 70 ಎಂಬ ಅಂಕಿ ತಲೆಯಲ್ಲೇ ಕೂತುಬಿಟ್ಟಿತು. ವಿಜಯಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಮತ್ತೆ ಸಾರವಾಡದ ಮೇಲೆ ಹಾಯ್ದು ಊರಿಗೆ. ನನ್ನ ಸೈಕಲ್ಲಿನ ಮೀಟರು ಈ ಮೂರು ಮೂಲೆಯ ಸುತ್ತಿಗೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತದೆ. ಕಡಲಿಲ್ಲ, ದ್ವೀಪವಿಲ್ಲ, ನೀಲಿ ಗೆರೆ ಹಾಗಿರಲಿ, ಬಿಳಿ ಗೆರೆಯೂ ಅಲ್ಲಲ್ಲಿ ಅಳಿಸಿ ಹೋಗಿದೆ. ಇರುವುದು ಗಾಳಿ. ಅದನ್ನು ಫೋಟೋ ತೆಗೆದು ಕಳಿಸುವುದು ಹೇಗೆ?

ಘಟ್ಟದ ಸೀಮೆಯವರು ಸೈಕಲ್ ತುಳಿಯುವ ಮಾತು ಬಂದರೆ ಏರಿನ ಲೆಕ್ಕ ಹೇಳುತ್ತಾರೆ. ನಮ್ಮ ಬಯಲಿನಲ್ಲಿ ಗಾಳಿಯೇ ಘಟ್ಟ. ಗಂಟೆಗೆ 20 ಕಿಲೋಮೀಟರ್ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಇದಿರು ಬಂತೆನ್ನಿ, ಎದೆಗೆ ಬಡಿಯುವುದು 40ರ ಗಾಳಿ. ಬಡಿತದ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು. ಘಟ್ಟವಾದರೂ ಪ್ರಾಮಾಣಿಕ, ಅದಕ್ಕೊಂದು ತುದಿ ಇರುತ್ತದೆ, ಆಚೆಗೆ ಇಳಿಜಾರೂ ಇರುತ್ತದೆ. ಗಾಳಿಯ ತುದಿ ಕಂಡವರಿಲ್ಲ. ಅದು ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ನೋಡಿದವರು ನಮ್ಮನ್ನೇ ಸೋಮಾರಿ ಎನ್ನುತ್ತಾರೆ. “ರಸ್ತೆ ಸಪಾಟ ಐತಲ್ಲ, ಯಾಕ ಇಷ್ಟ ಸಾವಕಾಶ?” ಎಂದು ಬೈಕಿನವನೊಬ್ಬ ಕನಿಕರದಿಂದ ಕೇಳಿ ಮುಂದೆ ಹೋಗಿದ್ದುಂಟು.

ಹಾಗಾಗಿ ಮನೆ ಬಿಡುವ ಮೊದಲು ನಾನು ನೋಡುವುದು ಟಾಯರನ್ನಲ್ಲ, ಎದುರುಮನೆಯ ಮಾಳಿಗೆಯ ಮೇಲೆ ಒಣಹಾಕಿದ ಸೀರೆಯನ್ನು. ಮಿರಗದ ಮಳೆ ಕೂಡಿದ ಮೇಲೆ ಅದು ಮೂಡಲಿಗೆ ಹಾರುತ್ತದೆ, ಅಂದರೆ ಗಾಳಿ ಪಡುವಲಿನದು. ತಿಕೋಟಾ ಪಡುವಲಿಗಿರುವುದರಿಂದ ಹೋಗುವಾಗ ಜೀವ ಹಿಂಡಿಸಿಕೊಂಡರೂ ಬರುವಾಗ ಆರಾಮ. ಚಳಿಗಾಲದಲ್ಲಿ ಇದು ತಿರುಗುಮುರುಗು. ಮೂಡಗಾಳಿ ಬೆನ್ನು ತಟ್ಟಿ, ‘ಭೇಷ್ ಮಗನ’ ಎಂದು ಕಳಿಸಿಕೊಡುತ್ತದೆ. ಅದು ತನ್ನ ಕಾಲಿನ ಬಲವೆಂದು ತಿಳಿದವನು ಮರಳುವಾಗ ಸಾಲ ತೀರಿಸುತ್ತಾನೆ, ಬಡ್ಡಿ ಸಮೇತ.

ಅಥಣಿ ರಸ್ತೆ ಹಿಡಿದರೆ ಮೊದಲು ಸಿಗುವುದು ತೊರವಿ. ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಅರ್ಪಿಸಿದ ನರಸಿಂಹ ಇಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ, ತಂಪಿನಲ್ಲಿ ಕೂತಿದ್ದಾನೆ. ಈ ಬಯಲಿನಲ್ಲಿ ಗಾಳಿಯ ಕಾಟ ಪೂರಾ ತಪ್ಪಿಸಿಕೊಂಡವನು ಅವನೊಬ್ಬನೇ ಎಂದು ನನ್ನ ಗುಮಾನಿ. ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಇದೇ ಸುತ್ತಿನಲ್ಲಿ ನವರಸಪುರ ಕಟ್ಟಲು ಹೊರಟ, 1624ರಲ್ಲಿ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಉಳಿದ ಗೋಡೆಗಳ ಪೈಕಿ ಒಂದು ಗೋಡೆ ನನಗೆ ಬಹಳ ಬೇಕಾದದ್ದು. ಅದರ ಮರೆಗೆ ನಿಂತು ನೀರು ಕುಡಿಯುವಷ್ಟು ಹೊತ್ತು ಕಿವಿಯೊಳಗಿನ ಭೋರ್ಗರೆತ ನಿಲ್ಲುತ್ತದೆ. ಸುಲ್ತಾನನ ಕನಸು ಹೀಗಾದರೂ ಒಬ್ಬನ ಉಪಯೋಗಕ್ಕೆ ಬಂತು.

ಮುಂದೆ ದ್ರಾಕ್ಷಿ ಸೀಮೆ. ಫೆಬ್ರವರಿ ಬಂತೆಂದರೆ ತಿಕೋಟಾದ ಆಸುಪಾಸು ಗಾಳಿಗೇ ಒಂದು ಹುಳಿಸಿಹಿ ವಾಸನೆ ಹತ್ತುತ್ತದೆ. ಹೊಲಗಳ ನಡುವೆ ಒಣದ್ರಾಕ್ಷಿಯ ಉದ್ದನೆಯ ಶೆಡ್ಡುಗಳು, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ. ಕೊಯ್ದ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರವಿದರೆ ಹದಿನೈದು ದಿನದ ಆಚೀಚೆಗೆ ಒಣಗುತ್ತವೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಒಮ್ಮೆ ಅಂಥ ಶೆಡ್ಡಿನ ನೆರಳಿಗೆ ಸೈಕಲ್ ಆನಿಸಿ, “ಏನ್ ಗಾಳಿರೀ ಗೌಡ್ರ, ಜೀವ ಹೈರಾಣ ಆತು” ಎಂದೆ. ಯಜಮಾನರು ಬೊಗಸೆ ತುಂಬ ಒಣದ್ರಾಕ್ಷಿ ಹಾಕಿ, “ಹಂಗ ಅನಬ್ಯಾಡ್ರೀ ಸರ. ಬಿಸಲಿಗೆ ಹಾಕಿದ್ರ ಮಾಲು ಕೆಂಪಾಗತೈತಿ. ನಮಗ ನೆಳ್ಳು ಬೇಕು, ಗಾಳಿ ಬೇಕು. ಒಂದ ವಾರ ಗಾಳಿ ಬಿದ್ದು ಮಾಡ ಹಾಕಿತಂದ್ರ ನಾವು ಮುಳಗಿದ್ವಿ” ಎಂದರು. ಬಾಯಲ್ಲಿ ಅವರದೇ ಒಣದ್ರಾಕ್ಷಿ ಇಟ್ಟುಕೊಂಡು ಗಾಳಿಯನ್ನು ಬೈಯುವ ಧೈರ್ಯ ಆಗಲಿಲ್ಲ. ಅಂದಿನಿಂದ ಫೆಬ್ರವರಿ, ಮಾರ್ಚ್ ಎರಡು ತಿಂಗಳು ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ.

ತಿಕೋಟಾದ ಗಾಡಿ ಅಂಗಡಿಯಲ್ಲಿ ಮಿರ್ಚಿ ಭಜಿ, ಒಂದು ಕಪ್ಪು ಚಹಾ. ಸೈಕಲ್ ತುಳಿಯುವವರು ಬಾಳೆಹಣ್ಣು ತಿನ್ನಬೇಕು ಎನ್ನುವ ಜ್ಞಾನಿಗಳಿಗೆ ದೂರದಿಂದ ನಮಸ್ಕಾರ.

ಇಲ್ಲಿಂದ ಎಡಕ್ಕೆ, ಬಬಲೇಶ್ವರದ ಕಡೆ. ಲಾರಿಗಳ ಕಾಟ ತಪ್ಪಿ ಎರಿ ಹೊಲಗಳು ಶುರುವಾಗುತ್ತವೆ. ಡಿಸೆಂಬರಿನಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ನಾನು ಗಾಳಿ ಓದಲು ಕಲಿತದ್ದು ಈ ಜೋಳದಲ್ಲಿ. ದೂರದಲ್ಲಿ ತೆನೆಗಳು ಒಂದು ಕಡೆ ಬಾಗಿದ್ದು ಕಂಡರೆ ಹ್ಯಾಂಡಲ್ ಮೇಲೆ ತಲೆ ತಗ್ಗಿಸಲು ನಾಲ್ಕೈದು ಸೆಕೆಂಡಿನ ವೇಳೆ ಸಿಗುತ್ತದೆ. ಎಳ್ಳು ಅಮಾವಾಸ್ಯೆಯ ದಿನ ಮಾತ್ರ ಈ ರಸ್ತೆಗೆ ಸೈಕಲ್ ತರಬಾರದು. ಚರಗ ಚೆಲ್ಲಿ ಉಣ್ಣಲು ಕೂತವರು ಹೊಲದಿಂದಲೇ ಕೂಗಿ ಕರೆಯುತ್ತಾರೆ. ಸಜ್ಜಿರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಮೂರನೆಯ ಹೊಲ ದಾಟುವ ಹೊತ್ತಿಗೆ ಪೆಡಲ್ ತುಳಿಯುವುದಿರಲಿ, ಬಗ್ಗಿ ಪೆಡಲ್ ನೋಡುವುದೂ ಆಗುವುದಿಲ್ಲ.

ಡೋಣಿ ನದಿಯನ್ನು ಈ ಸುತ್ತಿನಲ್ಲಿ ಎರಡು ಸಲ ದಾಟಬೇಕು. ಬೇಸಿಗೆಯಲ್ಲಿ ಹೊಳೆಯೆಂದು ಯಾರಾದರೂ ಹೇಳಿದರೆ ನಂಬಬೇಕು ಅಷ್ಟೇ. ನೀರಿಗೆ ಉಪ್ಪಿನ ರುಚಿ. ಆದರೆ ಡೋಣಿಯ ದಂಡೆಯ ಮಣ್ಣಿನ ಜೋಳಕ್ಕೆ ಸಮನಾದದ್ದಿಲ್ಲ ಎಂದು ಹಿರಿಯರು ಆಣೆ ಮಾಡಿ ಹೇಳುತ್ತಾರೆ. ಆ ಮಣ್ಣಿನ ಗುಣ ನನಗೆ ಬೇರೆ ರೀತಿಯಲ್ಲಿ ತಿಳಿದಿದೆ. ಒಂದು ಮುಂಜಾನೆ, ರಾತ್ರಿ ಬಿದ್ದ ಅಕಾಲ ಮಳೆಯನ್ನು ಲೆಕ್ಕಕ್ಕಿಡದೆ, ನಾಲ್ಕು ಕಿಲೋಮೀಟರ್ ಉಳಿಸುವ ಆಸೆಗೆ ಹೊಲದ ದಾರಿ ಹಿಡಿದೆ. ಇನ್ನೂರು ಮಾರು ಹೋಗುವುದರೊಳಗೆ ಗಾಲಿ ಗಾಲಿಯಾಗಿ ಉಳಿಯಲಿಲ್ಲ. ಎರಿಮಣ್ಣು ಟಾಯರಿಗೆ, ಟಾಯರು ಬ್ರೇಕಿಗೆ, ಬ್ರೇಕು ಚೌಕಟ್ಟಿಗೆ ಅಂಟಿ, ಸೈಕಲ್ ನಿಂತಲ್ಲೇ ನಿಂತಿತು. ನನ್ನ ಬೂಟೂ ಆನೆಪಾದ. ಕೊನೆಗೆ ಹೆಗಲಿಗೇರಿಸಿ ಹೊರಟೆ. ಎತ್ತು ಹೊಡೆದುಕೊಂಡು ಬರುತ್ತಿದ್ದ ಅಜ್ಜ ನಿಂತು ನೋಡಿ, “ಯಾಕೋ ತಮ್ಮಾ, ಸೈಕಲ್ ನಿನ್ನ ಹೊರಬೇಕೋ, ನೀ ಸೈಕಲ್ಲ ಹೊರಬೇಕೋ?” ಎಂದ. ಬಾರಕೋಲಿನ ಹಿಡಿಕೆಯಿಂದ ಮಣ್ಣು ಕೆತ್ತಿ ಕೊಟ್ಟವನೂ ಅವನೇ. ಅದಾದ ಮೇಲೆ ಜಾಲಿಮುಳ್ಳಿನ ಪಂಚರ್ ನನಗೆ ಒಂದು ತೊಂದರೆ ಎನಿಸುವುದೇ ಇಲ್ಲ, ಟೂಬು ಬಿಚ್ಚಿ ಸೊಲ್ಯೂಷನ್ ಹಚ್ಚಿದರೆ ಮುಗಿಯಿತು.

ಕಾಲಲ್ಲಿ ಕಸುವು ಉಳಿದ ದಿನ ಬಬಲೇಶ್ವರದಿಂದ ಮಮದಾಪುರದ ಕೆರೆಗೆ ಹೋಗಿಬರುತ್ತೇನೆ. ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲಶಾಹನ ಹೆಸರಿನ ಊರು, ಅವನೇ ಕಟ್ಟಿಸಿದ ಕೆರೆ. ಈಗ ಏತ ನೀರಾವರಿಯ ಕೃಷ್ಣೆ ಬಂದು ತುಂಬುತ್ತಾಳೆ. ಏರಿಯ ಮೇಲೆ ನಿಂತರೆ ಅದೇ ನನ್ನ ವೈರಿ ಗಾಳಿ ನೀರಿನ ಮೇಲೆ ಹಾಯ್ದು ತಂಪಾಗಿ ಬರುತ್ತದೆ, ತೆರೆಗಳು ಏರಿಯ ಕಲ್ಲಿಗೆ ಬಂದು ಬಡಿಯುತ್ತವೆ. ಕಣ್ಣು ಮುಚ್ಚಿದರೆ ಕಡಲೇ. ಅಕ್ಕನ ಮಗನಿಗೆ ಆ ಸಪ್ಪಳವನ್ನಷ್ಟೇ ರೆಕಾರ್ಡ್ ಮಾಡಿ ಕಳಿಸಿದೆ. “ಮಾಮಾ, ಗೋವಾಕ್ಕ ಹೋಗಿರೇನು?” ಎಂದು ಕೇಳಿದ. ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಬಬಲೇಶ್ವರದಿಂದ ಮರಳುವ ದಾರಿಯೇ ನಿಜವಾದ ಪರೀಕ್ಷೆ, ಅದರಲ್ಲೂ ಚಳಿಗಾಲದಲ್ಲಿ. ಬಯಲು ಎಷ್ಟು ಬಟ್ಟಬಯಲೆಂದರೆ ಗುಮ್ಮಟ ಬಹಳ ದೂರದಿಂದಲೇ ಕಾಣುತ್ತದೆ. ಹೊಸಬರು ಅದನ್ನು ಕಂಡು ಊರು ಬಂತೆಂದು ಹಿಗ್ಗುತ್ತಾರೆ. ಅದು ಕಾಣುತ್ತದೆಯೇ ಹೊರತು ಹತ್ತಿರ ಬರುವುದಿಲ್ಲ. ತಲೆ ತಗ್ಗಿಸಿ ನೂರು ಸಲ ಪೆಡಲ್ ತುಳಿದು ತಲೆ ಎತ್ತಿದರೂ ಅಷ್ಟೇ ಗಾತ್ರ, ಅಲ್ಲೇ.

ಕಳೆದ ಜನವರಿಯಲ್ಲಿ ಹಾಗೆ ಮೂಡಗಾಳಿಯ ಜೊತೆ ಜಗಳವಾಡುತ್ತ ಬರುವಾಗ ಹಿಂದಿನಿಂದ ಚೈನಿನ ಸಣ್ಣ ಸಪ್ಪಳ. ಹದಿನಾರು ವರ್ಷದ ಹುಡುಗ, ರೇಸಿನ ಸೈಕಲ್, ಬೆನ್ನು ಹಲಗೆಯಂತೆ ಬಾಗಿದೆ. ವಿಜಯಪುರದಲ್ಲಿ ಸೈಕ್ಲಿಂಗ್ ಹುಡುಗರಿಗೆಂದೇ ಸರಕಾರದ ಕ್ರೀಡಾ ವಸತಿನಿಲಯ ಇದೆ, ವೆಲೋಡ್ರೋಮ್ ಮಂಜೂರಾದದ್ದೂ ಈ ಊರಿಗೇ. ಅದಕ್ಕೂ ಮೊದಲಿನಿಂದ ಜಾತ್ರೆಗಳ ಸೈಕಲ್ ಶರ್ಯತ್ತುಗಳಿವೆ. ಬಬಲೇಶ್ವರ, ತಿಕೋಟಾ ಕಡೆಯ ರೈತರ ಮಕ್ಕಳು ಇಂಥ ರಸ್ತೆಯಲ್ಲೇ ತಯಾರಾಗುವವರು. ಯಾಕೆ ಇಲ್ಲಿಯೇ ಎಂದು ಯಾರಾದರೂ ಕೇಳಿದರೆ, ಒಂದು ಇದಿರುಗಾಳಿಯ ದಿನ ಬಂದು ನೋಡಿ ಎನ್ನುತ್ತೇನೆ.

ಹುಡುಗ ಪಕ್ಕಕ್ಕೆ ಬಂದು ಒಮ್ಮೆ ನನ್ನ ಮುಖ ನೋಡಿದ. “ಕಾಕಾ, ನನ್ನ ಹಿಂದ ಬರ್ರಿ. ಗಾಲಿಗೆ ಗಾಲಿ ಹಚ್ಚಿ. ಗಾಳಿ ನಾ ತಿಂತೀನಿ.”

ಅವನ ಹಿಂಗಾಲಿಯಿಂದ ಒಂದು ಗೇಣು ಬಿಟ್ಟು ಹಿಡಿದುಕೊಂಡೆ. ಕಿವಿಯ ಭೋರ್ಗರೆತ ಒಮ್ಮೆಲೇ ಇಳಿಯಿತು, ತೊರವಿಯ ಆ ಗೋಡೆಗೆ ಗಾಲಿ ಬಂದು ಮುಂದೆ ಓಡಿದ ಹಾಗೆ. ಹಿಂದಿದ್ದವನಿಗೆ ಮೂರರಲ್ಲೊಂದು ಪಾಲಿನಷ್ಟು ಶ್ರಮ ಉಳಿಯುತ್ತದೆಂದು ಓದಿ ಬಲ್ಲೆ. ಅಷ್ಟು ಹೊತ್ತೂ ಗುಮ್ಮಟ ನೋಡಲಿಲ್ಲ, ಅವನ ಫ್ರೀವ್ಹೀಲ್ ಒಂದನ್ನೇ ನೋಡಿದೆ. ಸಾರವಾಡದ ಹೊಳೆ ದಾಟಿದ್ದು, ಊರಿನ ಮೊದಲ ಮನೆಗಳು ಬಂದದ್ದು ಗೊತ್ತೇ ಆಗಲಿಲ್ಲ. ಕ್ರಾಸಿನಲ್ಲಿ ಅವನು ಕೈ ಬೀಸಿ ಎಡಕ್ಕೆ ಹೊರಳುತ್ತ ಕೂಗಿದ: “ನಾಳೆ ಪಾಳಿ ನಿಮ್ಮದರೀ ಕಾಕಾ!”