ನಾಲ್ಕು ವರ್ಷದ ಉದ್ರಿ

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವಿಲ್ಲದ ಕಿರಾಣಿ ಅಂಗಡಿ ಇಲ್ಲ. ಉದ್ರಿ ಕೊಡದ ಕಿರಾಣಿ ಅಂಗಡಿಯೂ ಇಲ್ಲ. ಯಲಬುರ್ಗಾ ತಾಲ್ಲೂಕಿನ ಒಣಭೂಮಿಯ ಹಳ್ಳಿಯೊಂದರಲ್ಲಿ ಅಂಗಡಿ ಇಟ್ಟಿರುವ ಆ ಯಜಮಾನರದೂ ಇದೇ ಕಥೆ. ಸಜ್ಜೆ, ಶೇಂಗಾ, ಕಡಲೆ ಮನೆಗೆ ಬಂದಾಗಲೇ ಊರಿನವರ ಕೈಯಲ್ಲಿ ರೊಕ್ಕ. ಅಲ್ಲಿಯವರೆಗೆ ಎಣ್ಣೆ, ಬೆಲ್ಲ, ಚಹಾಪುಡಿ ಎಲ್ಲವೂ ಲೆಕ್ಕದ ಮೇಲೆ.

ಈ ಲೆಕ್ಕ ಕೆಂಪು ರಟ್ಟಿನ ವಹಿಯಿಂದ ಮೊಬೈಲಿಗೆ ಏರಿದ್ದು 2021ರಲ್ಲಿ. ಶಾಲೆಗಳು ಮುಚ್ಚಿದ್ದ ಕಾಲ. ಮಗಳ ಆನ್‌ಲೈನ್ ಪಾಠಕ್ಕೆಂದು ಫೋನು ಬಂದಿತ್ತು. ಗಂಗಾವತಿಯಲ್ಲಿ ಕಂಪ್ಯೂಟರ್ ಓದುತ್ತಿದ್ದ ಅಳಿಯ, ಅಂದರೆ ಅಕ್ಕನ ಮಗ, ತಾನೇ ಒಂದು ಉದ್ರಿ ಲೆಕ್ಕದ ಆ್ಯಪ್ ಬರೆದು, ವೈರು ಜೋಡಿಸಿ ಹಾಕಿಕೊಟ್ಟ. ಒಂದು ಅಂಗಡಿಯ ಲೆಕ್ಕಕ್ಕಾಗಿ 25 ಡಾಲರ್ ನೋಂದಣಿ ಶುಲ್ಕ ಕಟ್ಟಿ ಅದನ್ನು ಪ್ಲೇ ಸ್ಟೋರಿಗೆ ಏರಿಸುವ ಯೋಚನೆ ಯಾರಿಗೂ ಬರಲಿಲ್ಲ. ನಾಲ್ಕು ವರ್ಷ ಅದು ಎತ್ತಿನಂತೆ ದುಡಿಯಿತು.

ಒಂದು ರಾತ್ರಿ ಫೋನು ತಾನಾಗಿ ಹೊಸ ಆವೃತ್ತಿಗೆ ಏರಿತು. ಬೆಳಿಗ್ಗೆ ನೋಡಿದರೆ ಹಳೆಯ ಲೆಕ್ಕವೇನೋ ಕಾಣುತ್ತದೆ. ಆದರೆ ಗಿರಾಕಿಗೆ ಬಾಕಿಯ ಚೀಟಿ ಕಳಿಸುವ ಗುಂಡಿ ಒತ್ತಿದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಅಳಿಯ ತಿದ್ದಿದ ಹೊಸ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಒತ್ತಿದ ಕೂಡಲೇ ಫೋನು ಅಡ್ಡಗಾಲು ಹಾಕಿತು: ಈ ಮೂಲದಿಂದ ಗುರುತಿಲ್ಲದ ಆ್ಯಪ್ ಸ್ಥಾಪಿಸಲು ಅನುಮತಿ ಇಲ್ಲ.

“ಅಳಿಯಾ, ನೀ ಕಳಿಸಿದ್ದು ಗುರುತಿಲ್ಲದ್ದಂತಲ್ಲೋ!” ಎಂದು ಯಜಮಾನರು ಫೋನಿನಲ್ಲಿ ನಕ್ಕರು.

ಇದರ ಹಿಂದಿನ ವಿಚಾರ ಸರಳ. ಮೊದಲು ಆಂಡ್ರಾಯ್ಡ್ ಫೋನುಗಳಲ್ಲಿ ಹೊರಗಿನ ಆ್ಯಪ್‌ಗಳಿಗೆ ಒಂದೇ ಸ್ವಿಚ್ಚು ಇತ್ತು. ಅದನ್ನು ಒಮ್ಮೆ ಹಾಕಿದರೆ ಯಾವ ದಾರಿಯಿಂದ ಏನು ಬೇಕಾದರೂ ಒಳಗೆ ಬರಬಹುದಿತ್ತು. 2017ರ ಎಂಟನೆಯ ಆವೃತ್ತಿಯಿಂದ ಆ ಒಂದು ಸ್ವಿಚ್ಚು ಹೋಗಿ, ದಾರಿಗೊಂದು ಬಾಗಿಲಾಯಿತು. ವಾಟ್ಸ್‌ಆ್ಯಪ್‌ಗೆ ಬೇರೆ, ಬ್ರೌಸರಿಗೆ ಬೇರೆ, ಕಡತಗಳ ಆ್ಯಪಿಗೆ ಬೇರೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಗೆ 33 ಗೇಟುಗಳಿದ್ದಂತೆ. ಬೇಕಾದದ್ದನ್ನಷ್ಟೇ ತೆಗೆಯಬಹುದು. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಅದೊಂದೇ ಕೊಚ್ಚಿಹೋದಾಗ ಎಷ್ಟು ನೀರು ಹರಿದುಹೋಯಿತೆಂದು ಕೊಪ್ಪಳ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ತೆರೆದ ಬಾಗಿಲು ಒಂದಿದ್ದರೂ ಸಾಕು.

ಅಳಿಯ ಹೇಳಿದಂತೆ ಸೆಟ್ಟಿಂಗ್‌ಗೆ ಹೋಗಿ ವಾಟ್ಸ್‌ಆ್ಯಪ್‌ನ ಬಾಗಿಲು ತೆಗೆದದ್ದಾಯಿತು. ಆಗ ಎರಡನೆಯ ತೊಡಕು: ಹಳೆಯ ಆ್ಯಪ್‌ಗೂ ಹೊಸದಕ್ಕೂ ತಾಳೆಯಾಗುವುದಿಲ್ಲ, ಸ್ಥಾಪನೆ ಆಗಲಿಲ್ಲ ಎಂಬ ಸಂದೇಶ. ಕುಷ್ಟಗಿಗೆ ಸಂತೆಗೆ ಹೋದಾಗ ಮೊಬೈಲ್ ರಿಪೇರಿ ಹುಡುಗನಿಗೆ ತೋರಿಸಿದರು. ಅವನು ಕ್ಷಣದಲ್ಲಿ ಮದ್ದು ಹೇಳಿದ: “ಹಳೇದು ತಗದು ಹೊಸದು ಹಾಕಿದ್ರ ಮುಗೀತ್ರಿ ಯಜಮಾನ್ರ.” ಬೆರಳು ಗುಂಡಿಯ ಹತ್ತಿರ ಹೋಗಿತ್ತು. ಯಾಕೋ ಯಜಮಾನರು ಫೋನು ಕಸಿದುಕೊಂಡರು. “ತಡಿ ತಮ್ಮಾ, ಅಳಿಯಗೊಂದು ಮಾತು ಕೇಳ್ತೀನಿ.”

ಆ ಒಂದು ಮಾತು ನಾಲ್ಕು ವರ್ಷದ ಉದ್ರಿಯನ್ನು ಉಳಿಸಿತು. ಆಂಡ್ರಾಯ್ಡ್‌ನ ಪ್ರತಿಯೊಂದು ಆ್ಯಪ್‌ಗೂ ಅದನ್ನು ಮಾಡಿದವನ ಡಿಜಿಟಲ್ ಸಹಿ ಇರುತ್ತದೆ. ಅಳಿಯ ಬರೆದಂಥ ಆ್ಯಪ್‌ನಲ್ಲಿ ಆ ಸಹಿ ಹಾಕುವ ಗುಪ್ತ ಕೀಲಿ ಮಾಡಿದವನ ಬಳಿ ಇರುತ್ತದೆ. ಹಳೆಯದರ ಮೇಲೆ ಹೊಸದು ಕೂರಬೇಕಾದರೆ ಎರಡರ ಸಹಿಯೂ ಒಂದೇ ಇರಬೇಕು. ಇಲ್ಲವಾದರೆ ಯಾರೋ ಕಳ್ಳ ಅದೇ ಹೆಸರಿನ ಆ್ಯಪ್ ತಂದು ಹಳೆಯ ಲೆಕ್ಕವನ್ನೆಲ್ಲ ವಶಮಾಡಿಕೊಳ್ಳಬಹುದು. ಅಳಿಯನ ಹಳೆಯ ಲ್ಯಾಪ್‌ಟಾಪ್ ಕೆಟ್ಟಾಗ ಕೀಲಿಯೂ ಅದರೊಂದಿಗೆ ಹೋಗಿತ್ತು. ಹೊಸ ಕೀಲಿಯಿಂದ ಸಹಿ ಹಾಕಿದ ಅಳಿಯ, ಫೋನಿನ ಕಣ್ಣಿಗೆ ಪರಕೀಯನೇ. ಹಳೆಯ ಆ್ಯಪ್ ತೆಗೆದಿದ್ದರೆ ಅದರ ಹೊಟ್ಟೆಯಲ್ಲಿದ್ದ ಲೆಕ್ಕವೂ ಅಳಿಸಿಹೋಗುತ್ತಿತ್ತು.

“ಮಾವಾ, ಮೊದಲ ಎಲ್ಲಾ ಹಾಳಿ ಮ್ಯಾಲ ಬರಕೋರಿ” ಎಂದ ಅಳಿಯ. ಎರಡು ರಾತ್ರಿ ಮಗಳು ಓದಿ ಹೇಳಿದಳು, ಅಪ್ಪ ಬರೆದುಕೊಂಡರು. ಮೂಲೆ ಸೇರಿದ್ದ ಕೆಂಪು ವಹಿ ಮತ್ತೆ ಗಲ್ಲಾಪೆಟ್ಟಿಗೆಯ ಮೇಲೆ ಬಂತು. ಆಮೇಲೆಯೇ ಹಳೆಯ ಆ್ಯಪ್ ಹೋಗಿ ಹೊಸದು ಕೂತದ್ದು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ವಾರದೊಳಗೆ ಊರಿನ ಗುಂಪಿಗೆ ಇನ್ನೊಂದು ಕಡತ ಬಂತು. ‘ಪಿಎಂ ಕಿಸಾನ್’ ಎಂಬ ಹೆಸರು, ಕೊನೆಯಲ್ಲಿ ಎಪಿಕೆ ಎಂಬ ಮೂರು ಅಕ್ಷರ. ಯಜಮಾನರು ಈಗ ಪಳಗಿದವರಲ್ಲವೇ? ಒತ್ತಿಯೇಬಿಟ್ಟರು. ವಾಟ್ಸ್‌ಆ್ಯಪ್‌ನ ಬಾಗಿಲು ಮುಚ್ಚುವುದನ್ನು ಮರೆತಿದ್ದರಿಂದ ಮೊದಲಿನ ತಡೆಯೂ ಇರಲಿಲ್ಲ. ಆ್ಯಪ್ ಒಳಗೆ ಬಂದು, ಎಸ್ಸೆಮ್ಮೆಸ್ ಓದಲು ಅಪ್ಪಣೆ ಕೇಳಿತು. ಹಿಂದೆ ನಿಂತಿದ್ದ ಮಗಳು ಕೈ ಹಿಡಿದಳು.

“ಅಪ್ಪಾ, ರೊಕ್ಕ ಕೊಡೋರಿಗೆ ನಮ್ಮ ಮೆಸೇಜ್ ಓದೋ ಕೆಲಸ ಏನೈತಿ?”

ಬ್ಯಾಂಕಿನ ಒಟಿಪಿ ಬರುವುದು ಎಸ್ಸೆಮ್ಮೆಸ್‌ನಲ್ಲಿ. ಸರ್ಕಾರಿ ಯೋಜನೆ, ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್ ಹೀಗೆ ನಾನಾ ವೇಷದಲ್ಲಿ ಬರುವ ಈ ಕಡತಗಳಿಗೆ ಬೇಕಾದದ್ದು ಅದೇ. ಆ ಆ್ಯಪನ್ನು ಅಲ್ಲೇ ಕಿತ್ತುಹಾಕಿದರು, ಬಾಗಿಲನ್ನೂ ಮುಚ್ಚಿದರು.

ಬಾಗಿಲು ಮುಂದೆ ಇನ್ನೂ ಬಿಗಿಯಾಗುವ ಸೂಚನೆಯಿದೆ. ಹೊರಗಿನಿಂದ ಹಾಕುವ ಆ್ಯಪ್‌ಗಳನ್ನು ಮಾಡಿದವರೂ ತಮ್ಮ ಗುರುತು ದೃಢಪಡಿಸಬೇಕೆಂಬ ನಿಯಮವನ್ನು ಗೂಗಲ್ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಆರಂಭ, 2027ರಿಂದ ಉಳಿದ ದೇಶಗಳಿಗೆ ವಿಸ್ತರಣೆ ಎಂಬುದು ಆಗ ಹೇಳಿದ ಕ್ರಮ. ಕಳ್ಳನಿಗೆ ಹಾಕಿದ ಬೀಗ ಅಳಿಯನಿಗೂ ಬೀಳುತ್ತದೆ. ಬೀಗಕ್ಕೆ ಮುಖ ನೋಡಲು ಬರುವುದಿಲ್ಲ. ಸಹಿ ನೋಡಲು ಮಾತ್ರ ಬರುತ್ತದೆ. ಬಂದವನು ಏನು ಕೇಳುತ್ತಾನೆ, ಯಾಕೆ ಕೇಳುತ್ತಾನೆ ಎಂದು ನೋಡುವ ಕೆಲಸ ಮನೆಯವರದೇ.

ಈಗ ಲೆಕ್ಕ ಎರಡೂ ಕಡೆ ಇದೆ. ಹಗಲು ಮೊಬೈಲಿನಲ್ಲಿ; ಅಂಗಡಿ ಮುಚ್ಚುವ ಮುನ್ನ ಕೆಂಪು ವಹಿಯಲ್ಲಿ. “ಎರಡ್ಯಾಕ್ರೀ ಯಜಮಾನ್ರ?” ಎಂದು ಗಿರಾಕಿಗಳು ಕೇಳಿದರೆ ಅವರು ನಗುತ್ತಾರೆ.

“ಇದು ರಾತ್ರೋರಾತ್ರಿ ಬದಲಾಗಂಗಿಲ್ಲ ನೋಡ್ರಿ.”