ಚಂದಕವಾಡಿಯ ಬದುವಿನ ಮೇಲೆ ಹಾದುಹೋದವರು

ಚಾಮರಾಜನಗರ ತಾಲ್ಲೂಕಿನ ಹೋಬಳಿ ಊರು ಚಂದಕವಾಡಿ. ಪ್ರವಾಸಿಗರ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ಬೆಟ್ಟವನ್ನೇ ನೋಡುತ್ತಾರೆ, ತಪ್ಪಲ ಹೊಲಗಳನ್ನಲ್ಲ. ಮೇ ತಿಂಗಳ ಕೊನೆಗೆ, ಒಂದೆರಡು ಹದಮಳೆ ಬಿದ್ದ ಮೇಲೆ, ನಾನು ಅಲ್ಲಿ ಬಸ್ಸಿಳಿದದ್ದು ನೆಂಟರ ಮನೆಯ ಶಾಸ್ತ್ರವೊಂದಕ್ಕೆ. ಚಿಟ್ಟೆ ನೋಡಲು ಅಲ್ಲ.

ಬದುವಿನ ಮೇಲೆ ನಡೆಯುವಾಗ ಮೊದಲು ಎರಡು ಕಂಡವು, ಆಮೇಲೆ ಐದಾರು, ಆಮೇಲೆ ಬಿಡುವಿಲ್ಲದೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ, ಚುಕ್ಕೆ. ಅವುಗಳ ನಡುವೆ ಕಂದುಬಣ್ಣದ ಕಾಗೆ ಚಿಟ್ಟೆಗಳು. ಹೂವಿನತ್ತ ತಿರುಗಿಯೂ ನೋಡದೆ ಎಲ್ಲವೂ ಪೂರ್ವಕ್ಕೆ ಹೊರಟಿದ್ದವು. ಬೇಲಿ ಅಡ್ಡ ಬಂದರೆ ಮೇಲೇರಿ ದಾಟಿ ಮತ್ತೆ ಅದೇ ದಿಕ್ಕು.

‘ಮುಂಗಾರಿಗೆ ಮುಂಚೆ ಬತ್ತವ ಸಾ. ಎಲ್ಲಿಗ್ ಹೋದವೋ ಕಾಣೆ’ ಎಂದರು ಹೊಲದಲ್ಲಿದ್ದ ಹಿರಿಯರು.

ನೀಲಿ ಗೆರೆಯವು ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್. ಪಶ್ಚಿಮಘಟ್ಟದಲ್ಲಿ ಮುಂಗಾರು ಸುರಿಯುವ ರೀತಿ ನಿಮಗೆ ಗೊತ್ತು. ಆ ಮಳೆಯಲ್ಲಿ ಚಿಟ್ಟೆಗೆ ಬದುಕು ಕಷ್ಟ. ಆದ್ದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಇವು ಘಟ್ಟ ಬಿಟ್ಟು ಪೂರ್ವದ ಬಯಲಿಗೂ ಪೂರ್ವಘಟ್ಟಕ್ಕೂ ಬರುತ್ತವೆ. ಮಳೆನೆರಳಿನ ನಮ್ಮ ಈ ಸೀಮೆ ಅಷ್ಟರಲ್ಲಿ ಬೇಸಿಗೆ ಮಳೆಗೆ ಚಿಗುರಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಘಟ್ಟದ ಕಡೆ ಮರಳುವುದು ಹೆಚ್ಚಾಗಿ ಇವುಗಳ ಸಂತಾನ ಎನ್ನುತ್ತಾರೆ. ದಾರಿ ತೋರಿಸಲು ಅಪ್ಪ ಅಮ್ಮ ಇಲ್ಲದೆ! ಬೆಂಗಳೂರಿನ ಎನ್‌ಸಿಬಿಎಸ್‌ನ ವೈಶಾಲಿ ಭೌಮಿಕ್ ಮತ್ತು ಕೃಷ್ಣಮೇಘ ಕುಂಟೆ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿ ಹೇಳುತ್ತದೆ: ವಲಸೆಯಲ್ಲಿರುವ ಹೆಣ್ಣುಗಳು ಮೊಟ್ಟೆ ಬಲಿಯುವುದನ್ನೇ ಮುಂದೂಡುತ್ತವೆ. ಮೈಯ ಶಕ್ತಿಯೆಲ್ಲ ಹಾರಾಟಕ್ಕೆ.

ಸ್ವಲ್ಪ ದೂರದಲ್ಲಿ ಹಸಿರುಗೊಬ್ಬರಕ್ಕೆಂದು ಹಾಕಿದ ಅಪ್ಸೆಣಬಿನ ತುಂಡು ಹೊಲ. ಅದರಂಚಿನಲ್ಲಿ ಕಿತ್ತು ಬಿಸಾಡಿದ ಒಣಕಡ್ಡಿಗಳ ಮೇಲೆ ಹತ್ತಾರು ಚಿಟ್ಟೆ ಮುತ್ತಿಕೊಂಡಿದ್ದವು. ಹೂವಿಲ್ಲ, ಜೇನಿಲ್ಲ, ಒಣಕಡ್ಡಿಯಲ್ಲೇನಿದೆ? ಈ ಜಾತಿಯ ಗಿಡಗಳಲ್ಲಿ ಒಂದು ಬಗೆಯ ವಿಷ, ಆಲ್ಕಲಾಯ್ಡ್, ಇರುತ್ತದೆ. ಗಂಡು ಚಿಟ್ಟೆಗಳು ಒಣಗಿದ ಗಿಡವನ್ನು ಕೆರೆದು ಅದನ್ನು ಹೀರುತ್ತವೆ. ಹೆಣ್ಣನ್ನು ಒಲಿಸುವ ಗಂಧ ತಯಾರಾಗುವುದು ಅದರಿಂದ. ಹಕ್ಕಿಗಳ ಬಾಯಿಗೆ ಕಹಿಯಾಗುವುದೂ ಅದರಿಂದ. ಕೂಡುವಾಗ ಹೆಣ್ಣಿಗೂ ಅದರ ಪಾಲು ಸಿಗುತ್ತದೆ. ಬೇಲಿಯ ಕಳೆ ಎಂದು ನಾವು ಕಳೆನಾಶಕ ಹೊಡೆಯುವ ಎಷ್ಟೋ ಗಿಡ ಈ ಪ್ರಯಾಣಿಕರ ಬುತ್ತಿ, ಔಷಧ ಎರಡೂ.

ಹಿರಿಯರಿಗೆ ಇದನ್ನು ಹೇಳಿದೆ. ಅವರು ಮಾತಾಡದೆ ತಮ್ಮ ಮುಸುಕಿನ ಜೋಳದ ಸುಳಿಯೊಂದನ್ನು ಬಿಡಿಸಿ ತೋರಿಸಿದರು. ಒಳಗೆ ಹಿಕ್ಕೆಯ ನಡುವೆ ಹುಳು. ಫಾಲ್ ಸೈನಿಕ ಹುಳು. ಇದರ ಪತಂಗವೂ ಅಲೆಮಾರಿಯೇ. ಗಾಳಿಯ ಜೊತೆ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕದಲ್ಲಿ, 2018ರಲ್ಲಿ ನಮ್ಮ ಕರ್ನಾಟಕದಲ್ಲೇ ದೇಶಕ್ಕೆ ಮೊದಲಾಗಿ ಪತ್ತೆಯಾಯಿತು. ರೇಷ್ಮೆ ಸಾಕಿದ ಈ ಸೀಮೆಗೆ ಮನೆಯೊಳಗಿನ ಪತಂಗ ಗೊತ್ತು, ಅದು ಹಾರಲಾರದು. ಹಾರಿ ಬಂದದ್ದು ಬೆಳೆ ತಿನ್ನುತ್ತಿದೆ. ‘ಅದಕ್ಕೆ ಹೊಡದ್ರೆ ಇವೂ ಸಾಯ್ತವಾ?’ ಎಂದು ಕೇಳಿದರು. ಸಾಯುತ್ತವೆ ಎನ್ನದೆ ಗತಿಯಿರಲಿಲ್ಲ. ಹೊಲವೆಲ್ಲ ತೋಯಿಸದೆ ಸುಳಿಗಷ್ಟೇ ಬೀಳುವಂತೆ ಹೊಡೆದರೆ ಹುಳುವಿಗೂ ಸರಿಯಾಗಿ ತಗಲುತ್ತದೆ, ಔಷಧಿಯೂ ಉಳಿಯುತ್ತದೆ ಎಂದೆ. ಬದುವಿಗೆ ಬೇಡವೇ ಬೇಡ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ರಸ್ತೆಯದು ಬೇರೆ ಕಥೆ. ಗುಂಡ್ಲುಪೇಟೆಯಾಚೆ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ, ಜಿಂಕೆಗೆ ಅದು ದೊಡ್ಡ ಉಪಕಾರ. ಚಿಟ್ಟೆ ಹಾರುವುದು ಹಗಲು.

ನೆಂಟರ ಮನೆಯ ಹುಡುಗ, ಏಳನೇ ತರಗತಿ, ನನ್ನ ಹಿಂದೆಯೇ ಬಂದಿದ್ದ. ಎರಡು ಬೇಲಿಗೂಟ ಗುರುತು ಮಾಡಿಕೊಂಡು, ಹತ್ತು ನಿಮಿಷದಲ್ಲಿ ಅವುಗಳ ನಡುವೆ ಹಾದವು ಎಷ್ಟು, ಯಾವ ದಿಕ್ಕಿಗೆ ಎಂದು ಬರೆಯಲು ಹೇಳಿದೆ. ತಾರೀಕು, ಗಂಟೆ, ಗಾಳಿ ಎತ್ತಣದ್ದು, ಅದೂ ಬೇಕು. ಇಪ್ಪತ್ತಾಗುವಷ್ಟರಲ್ಲಿ ಲೆಕ್ಕ ತಪ್ಪಿತು. ಅವನ ಅಮ್ಮ ಪಕ್ಕ ನಿಂತು ತಾನೂ ಎಣಿಸತೊಡಗಿದಳು. ಊಟಕ್ಕೆ ಎಲೆ ಹಾಕಿದೆ ಎಂದು ಮನೆಯಿಂದ ಎರಡು ಸಲ ಕರೆ ಬಂತು. ಅಕ್ಟೋಬರ್‌ನಲ್ಲಿ ಅದೇ ಗೂಟಗಳ ನಡುವೆ ನಿಂತು, ಈ ಸಲ ಪಶ್ಚಿಮಕ್ಕೆ ಹೋಗುವವನ್ನು ಬರೆದು ಕಳಿಸುತ್ತೇನೆ ಎಂದಿದ್ದಾನೆ.