ಪಾಲಾದ ವಿ.ವಿ., ಉಳಿದ ಪಿಂಚಣಿ

2025ರ ಫೆಬ್ರವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿ ಕರ್ನಾಟಕದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ, ಅವು ಬೇಕೋ ಬೇಡವೋ ಎಂದು ಜೋರು ಚರ್ಚೆಯಾಯಿತು. ಅವುಗಳಿಗೆ ಕಾಲೇಜು ಬಿಟ್ಟುಕೊಟ್ಟ ತಾಯಿ ವಿ.ವಿ.ಗಳ ಗತಿ ಕೇಳಿದವರು ಕಡಿಮೆ. 1916ರಲ್ಲಿ ಶುರುವಾದ ಮೈಸೂರು ವಿ.ವಿ.ಯನ್ನೇ ನೋಡಿ. ಸರ್ಕಾರದ ಅನುದಾನ ಬಿಟ್ಟರೆ ಅದಕ್ಕೆ ಆಸರೆ ಸಂಯೋಜಿತ ಕಾಲೇಜುಗಳು ಕಟ್ಟುವ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಹಾಸನ, ಮಂಡ್ಯ, ಚಾಮರಾಜನಗರದ ಕಾಲೇಜುಗಳು ಹೊಸ ವಿ.ವಿ.ಗಳ ಪಾಲಾಗಿ ಕೈಬಿಟ್ಟು ಹೋದಾಗ ಅವುಗಳಿಂದ ಬರುತ್ತಿದ್ದ ಆದಾಯವೂ ಹೋಯಿತು. ನಿವೃತ್ತರ ಪಿಂಚಣಿಯ ಹೊರೆ ಹಳೆಯ ಮನೆಯಲ್ಲೇ ಉಳಿಯಿತು. ಜಮೀನು ಪಾಲು ಮಾಡಿ ಸಾಲವನ್ನೆಲ್ಲ ಹಿರಿಯಣ್ಣನ ತಲೆಗೆ ಕಟ್ಟಿದ ಹಾಗೆ.

ಜಿಲ್ಲೆಗೊಂದು ವಿ.ವಿ. ಇದ್ದರೆ ಹಳ್ಳಿಯ ಹೆಣ್ಣುಮಕ್ಕಳು ಓದುತ್ತಾರೆ ಎಂಬ ವಾದವನ್ನು ತಳ್ಳಿಹಾಕಲಾರೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವಂತಿದ್ದರೆ ಮಾತ್ರ ಮಗಳನ್ನು ಎಂ.ಎ.ಗೆ ಕಳಿಸುವ ಮನೆಗಳು ಈಗಲೂ ಇವೆ. ಆದರೆ ಹಾಸನದಲ್ಲಿದ್ದ ಮೈಸೂರು ವಿ.ವಿ.ಯ ಕೇಂದ್ರ ಹೇಮಗಂಗೋತ್ರಿಯಲ್ಲಿ ಸ್ನಾತಕೋತ್ತರ ತರಗತಿಗಳು ಮೊದಲೇ ನಡೆಯುತ್ತಿದ್ದವು. ಹೊಸದಾಗಿ ಬಂದದ್ದು ಕುಲಪತಿ, ಕುಲಸಚಿವರ ಕಚೇರಿಗಳು. ಪಾಠದ ಭಾರ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲೆಯೇ ಇದೆ. ಹಾಗಂತ ಈಗ ಬೀಗ ಜಡಿದರೂ ಸಮಸ್ಯೆ ಬಗೆಹರಿಯದು. ಖಾಲಿ ಹುದ್ದೆ ತುಂಬಲು ಅನುಮತಿ ಕೊಡಬೇಕಾದ್ದು ಸರ್ಕಾರ, ಪಿಂಚಣಿಯ ಹೊಣೆ ಹೊರಬೇಕಾದ್ದೂ ಸರ್ಕಾರವೇ. ಅದನ್ನು ಬಿಟ್ಟು ‘ಆಂತರಿಕ ಸಂಪನ್ಮೂಲ ಹೆಚ್ಚಿಸಿಕೊಳ್ಳಿ’ ಎಂದರೆ, ಆ ಹೊರೆ ಪರೀಕ್ಷಾ ಶುಲ್ಕದ ಚಲನ್ ಆಗಿ ಬಸ್ಸಿಗೆ ಕಾಯುವ ಅದೇ ಹುಡುಗಿಯ ಕೈಗೆ ಬರುತ್ತದೆ.